ಇಷ್ಟದ ರೆಕಾರ್ಡಿಂಗನ್ನು ನಾಲ್ಕು ಜನರೊಟ್ಟಿಗೆ ಕೂತು ಕೇಳುದು ಹೇಗೆ

ಒಂದು ಒಳ್ಳೆ ಕಲ್ಯಾಣಿ ರಾಗದ ರೆಕಾರ್ಡಿಂಗ್ ಸಿಕ್ಕಿದ್ರೆ ಅದನ್ನು ಇನ್ನೊಬ್ಬರಿಗೆ ಕೇಳಿಸದೆ ಸಮಾಧಾನ ಆಗುದಿಲ್ಲ ಅಲ್ವಾ. ರಾತ್ರಿ ಹನ್ನೊಂದು ಗಂಟೆಗೆ ಕೇಳಿ ಮುಗಿಸಿದ ಕೂಡ್ಲೇ ಫೋನ್ ತೆಗೆದು ಗೊತ್ತಿರುವ ಎಲ್ಲರಿಗೂ ಕಳಿಸಿಬಿಡ್ತೇವೆ, ಬೆಳಿಗ್ಗೆ ನೋಡಿದ್ರೆ ಒಂದು ಕೈಮುಗಿದ ಚಿತ್ರ, ಒಂದು ಹೂ, ಕೇಳಿದ್ದಾರಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ. ನನಗೆ ಇದು ತುಂಬಾ ಬೇಜಾರಾಗ್ತಿತ್ತು. ಯಾಕಂದ್ರೆ ಕಳಿಸಿದ್ದು ಫೈಲ್ ಮಾತ್ರ ಅಲ್ಲ, ಅದರಲ್ಲಿ ನನ್ನ ಒಂದು ರಾತ್ರಿ ಉಂಟು.

ಹಾಗಾಗಿ ಸುಮಾರು ಆರು ವರ್ಷದಿಂದ ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆ ಚಾವಡಿಯಲ್ಲಿ ತಿಂಗಳಿಗೊಂದು ಆದಿತ್ಯವಾರ ಸಂಜೆ ಏಳೆಂಟು ಜನ ಸೇರಿ ರೆಕಾರ್ಡಿಂಗ್ ಕೇಳ್ತೇವೆ. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಮಾವ, ಮಂಗಳೂರಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬರುವ ಟೀಚರ್ ಅಕ್ಕ, ಮಣಿಪಾಲದಲ್ಲಿ ಓದುವ ಇಬ್ಬರು ಮಕ್ಕಳು, ಯಕ್ಷಗಾನ ಬಿಟ್ರೆ ಬೇರೆಂತದ್ದೂ ಕೇಳದೆ ಬೆಳೆದ ಪಕ್ಕದ ಮನೆ ಅಣ್ಣ, ಹೀಗೆ. ಇಂಥದ್ದೊಂದು ನಿಮ್ಮ ಮನೆಯಲ್ಲೂ ಶುರು ಮಾಡ್ಬೇಕು ಅಂತ ಇದ್ರೆ ನಾನು ಕಂಡುಕೊಂಡದ್ದನ್ನು ಇಲ್ಲಿ ಹೇಳ್ತೇನೆ.

ಮೊದಲನೇದು, ಒಂದು ಸಲಕ್ಕೆ ಒಂದೇ. ಒಬ್ಬರು ಒಂದು ರೆಕಾರ್ಡಿಂಗ್ ತರುದು, ಅಷ್ಟೇ. ನಮ್ಮ ಮೊದಲ ಕೂಟಕ್ಕೆ ಎಲ್ಲರೂ ಪೆನ್‌ಡ್ರೈವ್ ತುಂಬಾ ತುಂಬಿಸ್ಕೊಂಡು ಬಂದಿದ್ರು, ಇದು ಐದು ನಿಮಿಷ ಅದು ಐದು ನಿಮಿಷ ಅಂತ ಹಾಕಿ ಹಾಕಿ ಒಂಬತ್ತು ಗಂಟೆ ಆಯ್ತು, ಮರುದಿನ ಕೇಳಿದ್ರೆ ಎಂತ ಕೇಳಿದ್ದು ಅಂತ ಯಾರಿಗೂ ನೆನಪಿಲ್ಲ. ಈಗ ಒಂದು ಸಂಜೆಗೆ ಎರಡು, ಹೆಚ್ಚಂದ್ರೆ ಮೂರು.

ಯಾವುದರಿಂದ ಶುರು ಮಾಡುದು ಅಂತ ಕೇಳಿದ್ರೆ ನಾನು 78 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಕಾಲದ ಹಳೇ ರೆಕಾರ್ಡ್‌ಗಳು ಅಂತ ಹೇಳ್ತೇನೆ. ಹತ್ತು ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುದು ಮೂರು ನಿಮಿಷ ಚಿಲ್ಲರೆ, ಹಾಡುವವರಿಗೆ ಅಷ್ಟರಲ್ಲಿ ರಾಗದ ಇಡೀ ಮುಖ ತೋರಿಸ್ಲಿಕ್ಕಿತ್ತು. ಹೊಸಬರಿಗೆ ಒಂದು ಗಂಟೆಯ ವಿಲಂಬಿತ್ ಖ್ಯಾಲ್, ಅಂದ್ರೆ ನಿಧಾನಕ್ಕೆ ಬೆಳೆಸುವ ಹಿಂದೂಸ್ತಾನಿ ಹಾಡು, ಮೊದಲ ದಿನವೇ ಹಾಕಿದ್ರೆ ಅವರು ಮುಂದಿನ ತಿಂಗಳು ಬರುದಿಲ್ಲ, ಆದ್ರೆ ಮೂರು ನಿಮಿಷ ಯಾರಾದ್ರೂ ಕೂತ್ಕೊಳ್ತಾರೆ, ಚಂದ ಕಂಡ್ರೆ ಇನ್ನೊಮ್ಮೆ ಹಾಕಿ ಅಂತಾರೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ ಉಂಟಲ್ಲ, ಪಿಯಾ ಬಿನ್ ನಹೀ ಆವತ ಚೈನ್, ನಾವು ಹೊಸಬರಿಗೆ ಯಾವಾಗ್ಲೂ ಹಾಕುದು ಅದನ್ನೇ. ಗದಗಿನ ಹುಡುಗ ಭೀಮಸೇನ ಜೋಶಿ ಅದನ್ನು ರೆಕಾರ್ಡಿನಲ್ಲಿ ಕೇಳಿಯೇ ಹೀಗೆ ಹಾಡ್ಬೇಕು ಅಂತ ಹಟ ಹಿಡಿದು ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು. ಒಂದು ಮೂರು ನಿಮಿಷದ ರೆಕಾರ್ಡ್ ಒಬ್ಬ ಹುಡುಗನ ಬದುಕನ್ನೇ ತಿರುಗಿಸಿತು, ಈ ಕತೆ ಹೇಳಿ ಹಾಕಿದ್ರೆ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತು ಕೇಳ್ತಾರೆ.

ಹಾಕುವ ಮುಂಚೆ ಎಷ್ಟು ಮಾತಾಡ್ಬೇಕು? ಕಡಿಮೆ. ಕಿವಿ ಎಲ್ಲಿ ಇಡ್ಬೇಕು ಅಂತ ಒಂದೇ ಒಂದು ಜಾಗ ಹೇಳಿ. "ಅದ್ಭುತ ಉಂಟು, ಕೇಳಿ" ಅಂದ್ರೆ ಕೇಳುವವರಿಗೆ ಎಂತ ಹಿಡಿಯುದು ಅಂತ ಗೊತ್ತಾಗುದಿಲ್ಲ. ಒಂದು ಉದಾಹರಣೆ ಹೇಳ್ತೇನೆ. ಬ್ಯಾಂಕಿನ ಮಾವನ ಹತ್ರ ಒಂದು ಕ್ಯಾಸೆಟ್ ಉಂಟು, ಎಷ್ಟೋ ವರ್ಷದ ಹಿಂದೆ ಇಲ್ಲೇ ಒಂದು ದೇವಸ್ಥಾನದ ಚಪ್ಪರದಲ್ಲಿ ಆದ ಕಚೇರಿ, ಅವರೇ ಮುಂದೆ ಕೂತು ಸಣ್ಣ ಟೇಪ್‌ರೆಕಾರ್ಡರಲ್ಲಿ ಹಿಡಿದದ್ದು. ಅದನ್ನು ಹಾಕುವ ಮುಂಚೆ ಅವರು ಹೇಳಿದ್ದು ಇಷ್ಟೇ: "ಹನ್ನೊಂದನೇ ನಿಮಿಷಕ್ಕೆ ಮಳೆ ಬರ್ತದೆ, ಆಗ ಹಾಡುವವರು ಎಂತ ಮಾಡ್ತಾರೆ ನೋಡಿ." ನಾವೆಲ್ಲ ಮಳೆಗೆ ಕಾದು ಕೂತೆವು. ಕಲ್ಯಾಣಿ ಆಲಾಪನೆ ಮೇಲೆ ಹೋಗ್ತಾ ಉಂಟು, ತಾರ ಷಡ್ಜಕ್ಕೆ, ಅಂದ್ರೆ ಮೇಲಿನ ಸ ಸ್ವರಕ್ಕೆ, ಇನ್ನೇನು ಮುಟ್ಬೇಕು ಅನ್ನುವಾಗ ಶೀಟಿನ ಮೇಲೆ ಮೊದಲು ನಾಲ್ಕು ಹನಿ, ಟಕ್ ಟಕ್ ಅಂತ, ಆಮೇಲೆ ಒಮ್ಮೆಲೇ ಜೋರು ಮಳೆ. ಬೇರೆ ಯಾರಾದ್ರೂ ಆಗಿದ್ರೆ ಸ್ವರ ಏರಿಸ್ತಿದ್ರು. ಇವರು ಷಡ್ಜಕ್ಕೆ ಹೋಗ್ಲೇ ಇಲ್ಲ, ಅದರ ಕೆಳಗಿನ ನಿಷಾದದಲ್ಲೇ ನಿಂತು ಸ್ವರವನ್ನು ತಗ್ಗಿಸ್ತಾ ಬಂದ್ರು, ಎಷ್ಟು ತಗ್ಗಿಸಿದ್ರು ಅಂದ್ರೆ ಮಳೆಯ ಸದ್ದಿನ ಅಡಿಯಲ್ಲಿ ಅದು ಒಂದು ಗೆರೆ ಹಾಗೆ ಕೇಳ್ತದೆ, ವಯೊಲಿನ್‌ನವರು ಅದೇ ನಿಷಾದವನ್ನು ಹಿಡ್ಕೊಂಡು ಕೂತಿದ್ದಾರೆ. ಮಳೆ ಸ್ವಲ್ಪ ಇಳಿದ ಮೇಲೆ ಷಡ್ಜ ಬರ್ತದೆ. ಆ ಷಡ್ಜ ಬಂದಾಗ ನಮ್ಮ ಚಾವಡಿಯಲ್ಲಿ ಏಳು ಜನರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಈಗಲೂ ನೆನಪುಂಟು. ಮಾವ ಆ ಒಂದು ಮಾತು ಹೇಳದೆ ಇದ್ದಿದ್ರೆ ಅರ್ಧ ಜನ ಅಯ್ಯೋ ಮಳೆ ಬಂದು ರೆಕಾರ್ಡಿಂಗ್ ಹಾಳಾಯ್ತು ಅಂತ ಅಂದ್ಕೊಳ್ತಿದ್ರು.

ಹಾಗಾಗಿ ದೂರದವರಿಗೆ ಕಳಿಸುವಾಗಲೂ ನಿಮಿಷ ಸೆಕೆಂಡ್ ಬರೆದು, ಆ ಜಾಗದಲ್ಲಿ ಎಂತ ಉಂಟು ಅಂತ ಒಂದು ಸಾಲು ಬರೆದು ಕಳಿಸಿ. ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಇದ್ದ ಹಾಗೇ ಹೋಗ್ತದೆ, ಸ್ಪೀಕರ್ ಎದುರು ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿ ಮಾತ್ರ ದಯವಿಟ್ಟು ಕಳಿಸ್ಬೇಡಿ, ಅದರಲ್ಲಿ ತಂಬೂರಿಯೇ ಸತ್ತುಹೋಗ್ತದೆ.

ಇನ್ನು ಲೇಬಲ್ ವಿಷಯ, ಇದು ನನಗೆ ತುಂಬಾ ಮುಖ್ಯ. ಇಲ್ಲಿ ಗೌಹರ್ ಜಾನ್ ಅವರನ್ನು ನೆನೆಸ್ಲೇಬೇಕು. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪೆನಿಯವರು ಮೊದಲ ಸಲ ನಮ್ಮ ದೇಶದ ಸಂಗೀತ ರೆಕಾರ್ಡ್ ಮಾಡಿದಾಗ ಹಾಡಿದವರಲ್ಲಿ ಅವರೂ ಒಬ್ಬರು, ಹಾಡಿನ ಕೊನೆಗೆ ಮೈ ನೇಮ್ ಈಸ್ ಗೌಹರ್ ಜಾನ್ ಅಂತ ಗಟ್ಟಿಯಾಗಿ ಹೇಳ್ತಾರೆ. ಯಾಕಂದ್ರೆ ಪ್ಲೇಟ್ ಒತ್ತುವ ಫ್ಯಾಕ್ಟರಿ ಇದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಇದು ಯಾರ ದನಿ ಅಂತ ಗೊತ್ತಾಗಿ ಸರಿಯಾದ ಲೇಬಲ್ ಅಂಟಿಸ್ಲಿಕ್ಕೆ. ಆಮೇಲೆ ಅವರು ಮೈಸೂರು ಅರಮನೆಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ್ರು. ನಮ್ಮ ರೆಕಾರ್ಡಿಂಗಿನ ಚರಿತ್ರೆ ಶುರುವಾದದ್ದೇ ಹೆಸರು ಹೇಳುವುದರಿಂದ, ಅಂಥದ್ದರಲ್ಲಿ ಈಗ ನಮ್ಮ ಫೋನುಗಳಲ್ಲಿ ಓಡಾಡುವ ಫೈಲುಗಳ ಹೆಸರು ನೋಡಿ, ಆಡಿಯೋ ಜೀರೋ ಜೀರೋ ನಾಲ್ಕು, ಟ್ರ್ಯಾಕ್ ಸೆವೆನ್.

ನೀವು ಯಾವ ರೆಕಾರ್ಡಿಂಗ್ ಹಂಚಿದ್ರೂ ಅದರೊಟ್ಟಿಗೆ ಹಾಡಿದವರು, ರಾಗ, ಕೃತಿ ಅಥವಾ ಬಂದಿಶ್, ತಾಳ, ಎಲ್ಲಿ ಯಾವಾಗ ಅಂತ ಗೊತ್ತಿದ್ದಷ್ಟು, ನಿಮಗೆ ಯಾರಿಂದ ಬಂತು ಅಂತ ಬರೀರಿ. ಪಕ್ಕವಾದ್ಯದವರ ಹೆಸರು ಬಿಡಬೇಡಿ. ಮೃದಂಗದವರು ಇಡೀ ಮೂರು ಗಂಟೆ ಕಚೇರಿಯನ್ನು ಹೆಗಲ ಮೇಲೆ ಹೊತ್ತಿರ್ತಾರೆ, ಕ್ಯಾಸೆಟ್ ಮೇಲೆ ಅವರ ಹೆಸರೇ ಇರುದಿಲ್ಲ, ನನಗೆ ಅದು ಅನ್ಯಾಯ ಅಂತ ಕಾಣ್ತದೆ. ಗೊತ್ತಿಲ್ಲದ ಕಡೆ ಅಂದಾಜು ಬರೀಬೇಡಿ, ಒಂದು ಪ್ರಶ್ನೆ ಚಿಹ್ನೆ ಹಾಕಿ ಬಿಡಿ. ನೀವು ಅಂದಾಜಲ್ಲಿ ಬರೆದದ್ದು ನಾಲ್ಕು ಕೈ ದಾಟಿದ ಮೇಲೆ ಸತ್ಯ ಆಗಿ ನಿಮಗೇ ವಾಪಸ್ ಬರ್ತದೆ.

ಸೌಂಡ್ ಬಗ್ಗೆ ಹೆಚ್ಚು ತಲೆ ಕೆಡಿಸ್ಕೊಳ್ಳುದು ಬೇಡ. ಎರಡು ಸಾಧಾರಣ ಸ್ಪೀಕರ್ ಸಾಕು, ಬಾಸ್ ಕಡಿಮೆ ಮಾಡಿ, ಇಲ್ಲದಿದ್ರೆ ಮೃದಂಗದ ಎಡಗೈ ಗುಂಯ್ ಅಂತ ಎಲ್ಲವನ್ನೂ ನುಂಗ್ತದೆ. ಎಂಪಿತ್ರೀ ಆದ್ರೆ 320 ಕೆಬಿಪಿಎಸ್ ಇದ್ದದ್ದು ತನ್ನಿ, ತೀರಾ ಕಡಿಮೆ ರೇಟಿನದ್ದರಲ್ಲಿ ತಂಬೂರಿಯ ಝೇಂಕಾರ ನೀರಲ್ಲಿ ಮುಳುಗಿದ ಹಾಗೆ ಕೇಳ್ತದೆ. ಆಲಾಪ ಮುಗಿಯುವವರೆಗೆ ಫ್ಯಾನ್ ಆಫ್. ಜೂನ್ ಜುಲೈಯಲ್ಲಿ ನಮ್ಮ ಹೆಂಚಿನ ಮನೆಯಲ್ಲಿ ಮಳೆಯ ಗೌಜಿಗೆ ಏನೂ ಕೇಳುದಿಲ್ಲ, ಆಗ ಸ್ಲ್ಯಾಬ್ ಇರುವವರ ಮನೆಗೆ ಹೋಗ್ತೇವೆ. ತಿಂಡಿ ಮೊದಲೇ ಮುಗಿಸ್ಬೇಕು, ಗೋಳಿಬಜೆ ತಟ್ಟೆ ಎದುರಿದ್ರೆ ಯಾರ ಗಮನವೂ ತೋಡಿಯಲ್ಲಿ ನಿಲ್ಲುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ ಬೇಕು, ಅದು ಸ್ಪೀಡ್. ನಮಗೆ ಆದದ್ದು ಹೇಳ್ತೇನೆ. ಟೀಚರ್ ಅಕ್ಕ ತಮ್ಮ ತಂದೆಯವರ ಕ್ಯಾಸೆಟ್‌ಗಳನ್ನೆಲ್ಲ ಒಂದು ಅಂಗಡಿಗೆ ಕೊಟ್ಟು ಡಿಜಿಟಲ್ ಮಾಡಿಸಿ ತಂದ್ರು. ಅದರಲ್ಲಿ ಒಬ್ಬ ದೊಡ್ಡ ವಿದ್ವಾಂಸರ ಕಚೇರಿ. ಹಾಕಿದ ಕೂಡ್ಲೇ ಎಲ್ಲರಿಗೂ ಆಶ್ಚರ್ಯ, ಸ್ವರ ಎಳೇದು, ಬಿರ್ಕಾಗಳು, ಅಂದ್ರೆ ವೇಗದ ಸ್ವರಗುಚ್ಛಗಳು, ಮಿಂಚಿನ ಹಾಗೆ. ಇದು ಅವರ ಪ್ರಾಯದ ಕಾಲದ್ದು ಇರ್ಬೇಕು, ಆಗ ಶ್ರುತಿ ಏರಿಸಿ ಹಾಡ್ತಿದ್ರು ಕಾಣ್ತದೆ ಅಂತ ಅರ್ಧ ಗಂಟೆ ಚರ್ಚೆ ಆಯ್ತು, ಒಬ್ಬರು ವರ್ಷವನ್ನೂ ಲೆಕ್ಕ ಹಾಕಿ ಹೇಳಿದ್ರು. ಯಕ್ಷಗಾನದ ಅಣ್ಣ ಮಾತ್ರ ಸುಮ್ಮನೆ ಫೋನಲ್ಲಿ ತಂಬೂರಿ ಆ್ಯಪ್ ತೆಗೆದು ಕಿವಿಗೆ ಹಿಡ್ಕೊಂಡು ಕೂತಿದ್ರು. ಕೊನೆಗೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿ ಹೇಳಿದ್ರು, "ಇದು ಬಿಳಿ ಎರಡು ಉಂಟು ಮಾರಾಯ್ರೆ. ಹೋದ ತಿಂಗಳು ನೀವು ಹಾಕಿದ್ದು ಇವರದ್ದೇ ಅಲ್ವಾ, ಅದು ಕಪ್ಪು ಒಂದು ಇತ್ತು. ಮತ್ತೆ ಇಲ್ಲಿ ಅವರು ನಡುವಲ್ಲಿ ಮಾತಾಡಿದ್ದು ಕೇಳಿ, ಗಂಡಸಿನ ಮಾತಿನ ಹಾಗೆ ಉಂಟಾ?"

ಹೌದು, ಇರ್ಲಿಲ್ಲ. ಮುಂದಿನ ಕೃತಿ ಯಾವುದು ಅಂತ ವಿದ್ವಾಂಸರು ಹೇಳುವ ಆ ನಾಲ್ಕು ಶಬ್ದ ಮಕ್ಕಳ ದನಿ ಹಾಗೆ ತೆಳ್ಳಗೆ ಇತ್ತು. ಅಂಗಡಿಯವರ ಟೇಪ್ ಮೆಷಿನ್ ಸುಮಾರು ನೂರಕ್ಕೆ ಆರರಷ್ಟು ವೇಗವಾಗಿ ಓಡಿದೆ, ಅಷ್ಟಕ್ಕೆ ಸರಿಯಾಗಿ ಶ್ರುತಿ ಅರ್ಧ ಮನೆ ಮೇಲೆ ಹೋಗ್ತದೆ. ಮಣಿಪಾಲದ ಹುಡುಗ ಅಲ್ಲೇ ಲ್ಯಾಪ್‌ಟಾಪಲ್ಲಿ ಆಡಾಸಿಟಿ ಅನ್ನುವ ಆಡಿಯೋ ತಿದ್ದುವ ಸಾಫ್ಟ್‌ವೇರ್ ತೆರೆದು ಸ್ಪೀಡನ್ನು ಮೈನಸ್ 5.6 ಪರ್ಸೆಂಟ್ ಮಾಡಿದ. ಸ್ಪೀಡನ್ನೇ ಬದಲಿಸ್ಬೇಕು, ಬರೇ ಪಿಚ್ ಇಳಿಸಿದ್ರೆ ಕಾಲಪ್ರಮಾಣ, ಅಂದ್ರೆ ಹಾಡಿನ ಓಟ, ತಪ್ಪಾಗಿಯೇ ಉಳೀತದೆ. ಹಾಕಿದ್ರೆ ಅದೇ ಕೃತಿ, ಈಗ ಗಾಂಭೀರ್ಯ ಬಂತು, ಮೃದಂಗಕ್ಕೆ ಹೊಟ್ಟೆ ಬಂತು, ಗಮಕಗಳು, ಅಂದ್ರೆ ಸ್ವರದ ಓಲಾಟಗಳು, ಉಸಿರಾಡ್ಲಿಕ್ಕೆ ಶುರು ಮಾಡಿದ್ವು. ಟೀಚರ್ ಅಕ್ಕನ ಕಣ್ಣಲ್ಲಿ ನೀರು, ಅಪ್ಪ ಕೇಳ್ತಿದ್ದದ್ದು ಇದನ್ನೇ ಅಂತ. ಅವತ್ತಿನಿಂದ ನಮ್ಮಲ್ಲಿ ಹಳೇ ಟೇಪಿನಿಂದ ಬಂದದ್ದು ಯಾವುದಿದ್ರೂ ಮೊದಲು ಶ್ರುತಿ ನೋಡಿ, ಅದೇ ಕಲಾವಿದರ ಬೇರೆ ರೆಕಾರ್ಡಿಂಗಿನೊಟ್ಟಿಗೆ ತಾಳೆ ಹಾಕಿ, ಆಮೇಲೆಯೇ ಚರ್ಚೆ.

ಕ್ಯಾಸೆಟ್ ಇರುವವರಿಗೆ ಇಲ್ಲಿಯೇ ಒಂದು ಮಾತು. ನಮ್ಮ ಕರಾವಳಿಯ ಹವೆಗೆ ಟೇಪಿಗೆ ಬೂಸುರು ಬರುದು ಬೇಗ. ಬಿಳಿ ಪುಡಿ ಕಂಡದ್ದನ್ನು ಪ್ಲೇಯರಿಗೆ ಹಾಕ್ಬೇಡಿ, ಹೆಡ್ಡೂ ಹಾಳು, ಅದರಿಂದ ಮುಂದಿನ ಕ್ಯಾಸೆಟ್ಟೂ ಹಾಳು. ಸರಿ ಇದ್ದದ್ದನ್ನು ಕೂಡ ಪ್ಲೇ ಮಾಡುವ ಮುಂಚೆ ಒಮ್ಮೆ ಪೂರ್ತಿ ಮುಂದೆ ಓಡಿಸಿ, ಹಿಂದೆ ಓಡಿಸಿ, ಅಂಟಿಕೊಂಡ ಸುತ್ತು ಬಿಡ್ತದೆ. ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಮುರಿದಿಡಿ, ಆಗ ತಪ್ಪಿ ಕೂಡ ಅದರ ಮೇಲೆ ಬೇರೆ ರೆಕಾರ್ಡ್ ಆಗುದಿಲ್ಲ. ಕಂಪ್ಯೂಟರಿಗೆ ಇಳಿಸುವಾಗ ಮೊದಲು ವೇವ್ ಫೈಲ್, ಅದರಲ್ಲಿ ದನಿ ಕುಗ್ಗಿಸದೆ ಇದ್ದ ಹಾಗೇ ಉಳೀತದೆ, ಹಂಚ್ಲಿಕ್ಕೆ ಮಾತ್ರ ಎಂಪಿತ್ರೀ.

ಈಗ ಚರ್ಚೆ. ರೆಕಾರ್ಡಿಂಗ್ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡ್ಬಾರ್ದು ಅಂತ ನಾವು ಮಾಡಿದ್ದೇವೆ. ಆಮೇಲೆ ಎಲ್ಲಕ್ಕಿಂತ ಕಡಿಮೆ ಸಂಗೀತ ಗೊತ್ತಿರುವವರು ಮೊದಲು ಮಾತಾಡ್ಬೇಕು. ಇದು ನಮ್ಮ ಕೂಟ ಉಳಿದದ್ದಕ್ಕೆ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ, ಯಾಕಂದ್ರೆ ಮಾವ ಮೊದಲು ಬಾಯಿ ಬಿಟ್ಟು ನೆರವಲ್, ಕಲ್ಪನಾಸ್ವರ, ಪಾಠಾಂತರ ಅಂದ್ರೆ ಮಣಿಪಾಲದ ಹುಡುಗಿ ಮತ್ತೆ ಮಾತಾಡುದೇ ಇಲ್ಲ. ಅವಳು ಮೊದಲು ಮಾತಾಡಿದ್ರೆ "ಅಲ್ಲಿ ಯಾರೋ ಮೆಟ್ಟಲು ಇಳಿದು ಕೊನೇ ಮೆಟ್ಟಲಲ್ಲಿ ನಿಂತ ಹಾಗಾಯ್ತು" ಅಂತಾಳೆ, ಆಗ ಮಾವ ಆ ಕೊನೇ ಮೆಟ್ಟಲು ಯಾವ ಸ್ವರ ಅಂತ ಹಾಡಿ ತೋರಿಸ್ತಾರೆ. ಇಬ್ಬರೂ ಕಲಿತರು.

"ಇದಕ್ಕಿಂತ ಅವರದ್ದು ಒಳ್ಳೇದುಂಟು" ಅಂತ ಯಾರೂ ಶುರು ಮಾಡ್ಬಾರ್ದು. ಒಬ್ಬರು ಪ್ರೀತಿಯಿಂದ ತಂದದ್ದು, ಅದನ್ನು ಮೊದಲು ಅದರದ್ದೇ ಜಾಗದಲ್ಲಿ ನೋಡ್ಬೇಕು. ಹೋಲಿಕೆ ಬೇಕಾದ್ರೆ ಅದಕ್ಕೇ ಒಂದು ಸಂಜೆ ಇಡಿ, ಅದರಷ್ಟು ಚಂದದ ಸಂಜೆ ಬೇರೆ ಇಲ್ಲ. ಭಾಗ್ಯದ ಲಕ್ಷ್ಮೀ ಬಾರಮ್ಮ ತೆಗೊಳ್ಳಿ, ಶುಕ್ರವಾರ ಎಲ್ಲರ ಮನೆಯಲ್ಲೂ ಕೇಳುವ ಪುರಂದರದಾಸರ ಪದ, ಕರ್ನಾಟಕ ಸಂಗೀತದವರು ಮಧ್ಯಮಾವತಿಯಲ್ಲಿ ಹಾಡಿದ್ದು ಒಂದು ಹಾಕಿ, ಆಮೇಲೆ ಭೀಮಸೇನ ಜೋಶಿಯವರದ್ದು ಹಾಕಿ. ಒಂದರಲ್ಲಿ ಲಕ್ಷ್ಮಿ ಮೆಲ್ಲಗೆ ಹೊಸ್ತಿಲು ದಾಟಿ ಬರ್ತಾಳೆ, ಇನ್ನೊಂದರಲ್ಲಿ ಕರೆಯುವವರ ದನಿಗೇ ಬಾಗಿಲು ತೆರೀತದೆ. ದೇವರನಾಮಗಳು ಕಚೇರಿಯಲ್ಲಿ ಹೇಗೆ ಕೂತ್ಕೊಂಡ್ವು ಅಂತ ತಿಳೀಲಿಕ್ಕೆ ಎಂ. ಎಲ್. ವಸಂತಕುಮಾರಿಯವರನ್ನು ಕೇಳ್ಲೇಬೇಕು.

ಒಬ್ಬರದ್ದೇ ಎರಡು ಕಾಲ ಕೂಡ ಹೋಲಿಸ್ಬಹುದು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು 1910ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡವರು, 78 ಆರ್‌ಪಿಎಂ ಕಾಲದಲ್ಲೂ ಹಾಡಿದ್ದಾರೆ, ಕ್ಯಾಸೆಟ್ ಕಾಲದಲ್ಲೂ ಹಾಡಿದ್ದಾರೆ. ಎರಡನ್ನೂ ಒಂದೇ ಸಂಜೆ ಕೇಳಿದ್ರೆ ಆ ಮುಪ್ಪಿನ ದನಿಯಲ್ಲಿ ರಾಗ ಎಷ್ಟು ಬಿಚ್ಚಿಕೊಂಡಿದೆ ಅಂತ ಗೊತ್ತಾಗ್ತದೆ.

ನಮ್ಮೂರಿನವರದ್ದೇ ಒಂದು ಸಂಜೆ ಇಡದಿದ್ರೆ ಹೇಗೆ, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್. ತಂದೆಯದ್ದು ನಾಗಸ್ವರ, ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದವರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿಯವರೆಗೆ ಅದನ್ನು ಕೊಂಡುಹೋದ್ರು, 2019ರಲ್ಲಿ ಮಂಗಳೂರಲ್ಲೇ ತೀರಿಕೊಂಡ್ರು. ಮೊದಲು ಒಂದು ಹಳೇ ನಾಗಸ್ವರ ರೆಕಾರ್ಡಿಂಗ್ ಕೇಳಿಸಿ ಅದೇ ರಾಗದಲ್ಲಿ ಇವರದ್ದು ಹಾಕಿ, ಜಾರುವ ಗಮಕ ಎಲ್ಲಿಂದ ಬಂತು ಅಂತ ಯಾರೂ ವಿವರಿಸುದು ಬೇಡ.

ರಾಗದ ಹೆಸರಿನಲ್ಲಿ ಜಗಳ ಬರ್ತದೆ, ಬರ್ಲೇಬೇಕು. ಕರ್ನಾಟಕ ಹಿಂದೂಸ್ತಾನಿ ಎರಡೂ ಕೇಳುವ ಊರು ನಮ್ಮದು. ನಮ್ಮಲ್ಲಿ ಒಮ್ಮೆ ಒಬ್ಬರು ಭೈರವಿ ತರ್ತೇನೆ ಅಂತ ಹೇಳಿ ಹಿಂದೂಸ್ತಾನಿ ಭೈರವಿ ತಂದ್ರು, ಮಾವ ಇದು ಭೈರವಿಯೇ ಅಲ್ಲ ಅಂತ ಕೂತ್ರು. ಇಬ್ಬರದ್ದೂ ಸರಿ. ಕರ್ನಾಟಕ ಭೈರವಿಗೆ ಎರಡು ಧೈವತ, ಅಂದ್ರೆ ಧ ಸ್ವರದ ಎರಡು ರೂಪ, ಅದರ ದಾರಿಯೇ ಬೇರೆ, ಹಿಂದೂಸ್ತಾನಿ ಭೈರವಿ ಸ್ವರದ ಲೆಕ್ಕದಲ್ಲಿ ನಮ್ಮ ತೋಡಿಯ ಮನೆಯದ್ದು. ಅವರ ತೋಡಿ ನಮ್ಮ ಶುಭಪಂತುವರಾಳಿಗೆ ಹತ್ತಿರ. ನಮ್ಮ ಹಿಂದೋಳ ಅಲ್ಲಿ ಮಾಲಕೌಂಸ್, ಅಲ್ಲಿಯ ಹಿಂಡೋಲ್ ಇನ್ನೊಂದೇ. ಮೋಹನ ಅಲ್ಲಿ ಭೂಪ್, ಶುದ್ಧ ಸಾವೇರಿ ಅಲ್ಲಿ ದುರ್ಗಾ. ಈ ಪಟ್ಟಿ ಗೋಡೆಗೆ ಅಂಟಿಸಿಟ್ರೆ ಅರ್ಧ ಜಗಳ ಹೋಗ್ತದೆ. ಯಕ್ಷಗಾನ ಕೇಳಿ ಬೆಳೆದವರ ಕಿವಿಯನ್ನು ಕೂಡ ಕಡೆಗಣಿಸ್ಬೇಡಿ, ಪಕ್ಕದ ಮನೆ ಅಣ್ಣ ಆರೋಹಣ ಅವರೋಹಣ ಕಲಿತವರಲ್ಲ, ಆದ್ರೆ ಭಾಗವತರ ಪದ ನೆನಪಿಟ್ಟುಕೊಂಡು ಮೋಹನ, ಕಾಂಭೋಜಿ, ಮಧ್ಯಮಾವತಿ ಎಲ್ಲ ನಮ್ಮ ಮುಂಚೆ ಹಿಡೀತಾರೆ.

ಕಾಪಿ ಮಾಡಿ ಕೊಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟು. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗಿನ ಹಕ್ಕು ಅದು ಹೊರಬಂದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಇರ್ತದೆ, ಹಾಡಿದವರ ಹಕ್ಕು ಬೇರೆ ಉಂಟು. ಹೊಸದ್ದು ಅಂಗಡಿಯಲ್ಲಿ ಸಿಗುವಾಗ ಕೊಂಡುಕೊಳ್ಳಿ. ಖಾಸಗಿಯಾಗಿ ಹಿಡಿದ ಟೇಪ್ ಆದ್ರೆ ಕೊಟ್ಟವರ ಹತ್ರ ಕೇಳದೆ ಮುಂದೆ ಕಳಿಸ್ಬೇಡಿ, ಕಲಾವಿದರು ಇದ್ರೆ ಅವರ ಹತ್ರವೂ ಕೇಳಿ. ಗಂಟಲು ಸರಿ ಇಲ್ಲದ ದಿನದ ಕಚೇರಿ ಊರೆಲ್ಲ ಸುತ್ತುದು ಯಾರಿಗೂ ಬೇಡ. ಜೊತೆಗೆ ಕೂತು ಕೇಳಿಸುದಕ್ಕೆ ಬೇಕಾದ್ರೆ ಅವರೇ ಸಂತೋಷದಲ್ಲಿ ಬರ್ತಾರೆ, ನಮ್ಮಲ್ಲಿ ಒಬ್ಬರು ಹಿರಿಯ ವಯೊಲಿನ್ ವಾದಕರು ಬಂದು ತಮ್ಮದೇ ಹಳೇ ರೆಕಾರ್ಡಿಂಗ್ ಕೇಳಿ ಅವತ್ತು ಯಾವ ತಂತಿ ಕಡೀಲಿಕ್ಕೆ ಆಗಿತ್ತು ಅಂತ ಹೇಳಿದ್ದಾರೆ.

ಒಂದು ಪುಸ್ತಕ ಇಡಿ. ದಿನಾಂಕ, ಯಾರು ತಂದದ್ದು, ಎಂತ ಕೇಳಿದ್ದು, ಯಾರಿಗೆ ಯಾವ ಜಾಗ ಇಷ್ಟ ಆಯ್ತು, ಒಂದೊಂದು ಸಾಲು. ಮುಂದಿನ ತಿಂಗಳು ಯಾರ ಸರದಿ ಅಂತಲೂ ಅದರಲ್ಲೇ.

ಮತ್ತೆ ಕೊನೆಗೆ, ಚರ್ಚೆ ಎಲ್ಲ ಮುಗಿದು ಎಲ್ಲರೂ ಹೊರಡುವ ಮುಂಚೆ ಅದೇ ರೆಕಾರ್ಡಿಂಗನ್ನು ಇನ್ನೊಮ್ಮೆ ಹಾಕಿ, ಏನೂ ಹೇಳದೆ. ಆ ಮಳೆಯ ಕಲ್ಯಾಣಿಯ ದಿನ ಟೀಚರ್ ಅಕ್ಕನಿಗೆ ಮಂಗಳೂರಿನ ಬಸ್ಸಿಗೆ ಹೊತ್ತಾಗಿತ್ತು, ಚಪ್ಪಲಿ ಹಾಕಿ ಅಂಗಳಕ್ಕೆ ಇಳಿದಿದ್ರು. ಎರಡನೇ ಸಲ ಹನ್ನೊಂದನೇ ನಿಮಿಷ ಬರುವಾಗ ವಾಪಸ್ ಬಂದು ಜಗಲಿಯ ಮೆಟ್ಟಲಲ್ಲಿ ಕೂತ್ರು. ಮಳೆ ಇಳಿದು ಷಡ್ಜ ಬಂದ ಮೇಲೆ ಒಳಗೆ ಬಗ್ಗಿ, ಮೊದಲ ಸಲ ನಮಗ್ಯಾರಿಗೂ ಕೇಳದ್ದು ಒಂದು ಹೇಳಿದ್ರು: ಆ ಷಡ್ಜದ ಹಿಂದೆ, ತುಂಬಾ ದೂರದಲ್ಲಿ, ದೇವಸ್ಥಾನದ ಗಂಟೆ ಒಂದು ಸಲ ಹೊಡೀತದೆ, ಅದೂ ಶ್ರುತಿಯಲ್ಲೇ ಉಂಟು. ಮತ್ತೆ ಹಿಂದೆ ಓಡಿಸಿ ಹಾಕಿದೆವು. ಹೌದು, ಉಂಟು.